ಸಾರ ಇಳಿಸಿದ ಚಕ್ಕೆ

"ಗುರುಗಳೇ, ಒಂದು ಸುಳ್ಳನ್ನೂ ಆಡದವನನ್ನು ಮೋಸಗಾರ ಎನ್ನಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು. ಕುಳಿತುಕೊಳ್ಳಲು ಹೇಳಿ, ಈ ಕತೆಯನ್ನು ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ದಾಲ್ಚಿನ್ನಿಯ ವ್ಯಾಪಾರ. ತಾನು ಸುಳ್ಳು ಹೇಳುವವನಲ್ಲ ಎಂಬುದು ಅವನ ಹೆಗ್ಗಳಿಕೆ. ಊರೂ ಅದನ್ನು ಒಪ್ಪಿಕೊಂಡಿತ್ತು.

ದಾಲ್ಚಿನ್ನಿ ಮರದ ತೊಗಟೆಯಲ್ಲಿ ಒಂದು ಎಣ್ಣೆ ಇರುತ್ತದೆ. ಹೆಚ್ಚೇನಲ್ಲ, ಒಂದು ಹೊರೆ ಚಕ್ಕೆಗೆ ಒಂದು ಸಣ್ಣ ಬಟ್ಟಲು. ಆ ಎಣ್ಣೆಯ ಬಹುಪಾಲು ಒಂದೇ ವಸ್ತು. ರಸಾಯನಶಾಸ್ತ್ರ ಬಲ್ಲವರು ಅದನ್ನು ಸಿನಮಾಲ್ಡಿಹೈಡ್ ಎನ್ನುತ್ತಾರೆ. ಹೆಸರು ಏನೇ ಇರಲಿ. ಚಕ್ಕೆಯ ಪರಿಮಳ ಅದು. ನಾಲಿಗೆಯ ಮೇಲೆ ಉರಿಯುವ ಸಿಹಿಖಾರವೂ ಅದೇ. ಅದು ಇದ್ದ ಕಡೆ ಹುಳ ಸುಳಿಯುವುದಿಲ್ಲ, ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಅದನ್ನು ಕಳೆದರೆ ಉಳಿಯುವುದು ಸೌದೆ.

ವರ್ತಕನಿಗೆ ಇದು ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಮರೆಯಬೇಡ.

ಅಂಗಡಿಯ ಹಿತ್ತಿಲಲ್ಲಿ ಅವನು ತಾಮ್ರದ ಭಟ್ಟಿ ಹೂಡಿದ. ಚಕ್ಕೆಯ ನಡುವೆ ಹಬೆ ಹಾಯಿಸಿದ. ಹಬೆ ಎಣ್ಣೆಯನ್ನು ಹೊತ್ತುಕೊಂಡು ಹೋಗಿ ಕೊಳವೆಯಲ್ಲಿ ತಣಿದು ನೀರಾಯಿತು. ಈ ಎಣ್ಣೆ ನೀರಿನ ಮೇಲೆ ತೇಲುವುದಿಲ್ಲ. ನೀರಿಗಿಂತ ಭಾರವಾದ್ದರಿಂದ ಹಳದಿಯಾಗಿ ತಳಕ್ಕೆ ಇಳಿಯಿತು. ಅದನ್ನು ಸೀಸೆಗಳಲ್ಲಿ ತುಂಬಿ ಅತ್ತರಿನವರಿಗೆ, ಮಿಠಾಯಿಯವರಿಗೆ, ಮದ್ದು ಮಾಡುವವರಿಗೆ ಮಾರಿದ. ಅದರಲ್ಲಿ ತಪ್ಪೇನೂ ಇಲ್ಲ. "ಬಿರಡೆ ಬಿಗಿಯಾಗಿರಲಿ, ಗಾಳಿ ತಾಕಿದರೆ ಹುಳಿಯಾಗಿ ಕೆಡುತ್ತದೆ. ಏನನ್ನೂ ಬೆರೆಸದೆ ನೇರವಾಗಿ ಮೈಗೆ ಹಚ್ಚಬೇಡಿ, ಚರ್ಮ ಸುಡುತ್ತದೆ" ಎಂದು ಅವರನ್ನು ಎಚ್ಚರಿಸಿಯೂ ಕಳಿಸುತ್ತಿದ್ದ. ದೊಡ್ಡ ಗಿರಾಕಿಗಳು ಕೇಳದೆಯೇ ಅವನು ಎಲ್ಲವನ್ನೂ ಹೇಳುತ್ತಿದ್ದ.

ಭಟ್ಟಿಯಲ್ಲಿ ಉಳಿದ ಚಕ್ಕೆಯನ್ನು ಬಿಸಿಲಿಗೆ ಒಣಗಿಸಿದ. ಅದೇ ಬಣ್ಣ, ಅದೇ ಸುರುಳಿ. ಮೂಟೆ ಕಟ್ಟಿ ಅಂಗಡಿಯ ಮುಂಬಾಗಿಲಲ್ಲಿ ಇಟ್ಟ. ಬೆಲೆಯನ್ನೂ ತುಸು ಇಳಿಸಿದ. ಬಡವರು ಅವನನ್ನು ಧರ್ಮಾತ್ಮ ಎಂದು ಕರೆದರು. ಎಣ್ಣೆಯ ಸೀಸೆಗಳ ಮಗ್ಗುಲಲ್ಲೇ ಇರುತ್ತಿದ್ದುದರಿಂದ ಆ ಚಕ್ಕೆಗೂ ಮೇಲುಮೇಲೆ ಒಂದಿಷ್ಟು ವಾಸನೆ ಅಂಟಿರುತ್ತಿತ್ತು. ಕೆಲವು ದಿನ ಕಳೆದರೆ ಅದೂ ಹಾರಿಹೋಗುತ್ತಿತ್ತು.

ಅದೇ ಊರಿನಲ್ಲಿ ಲಚ್ಚಮ್ಮ ಎಂಬ ಹೆಂಗಸಿದ್ದಳು. ದೂರ ಹೋಗುವ ದೋಣಿಗಳಿಗೆ ತಂಬಿಟ್ಟಿನ ಉಂಡೆ ಕಟ್ಟಿಕೊಡುವುದು ಅವಳ ಕಸುಬು. ಕಡಲ ತೇವಕ್ಕೆ ಹಿಟ್ಟು ಬೇಗ ಕೆಡುತ್ತದೆ. ಅದಕ್ಕೆಂದೇ ಅವಳ ಅತ್ತೆ ಹಿಟ್ಟಿಗೆ ದಾಲ್ಚಿನ್ನಿ ಪುಡಿಯನ್ನು ಧಾರಾಳವಾಗಿ ಬೆರೆಸುತ್ತಿದ್ದಳು. ಲಚ್ಚಮ್ಮನೂ ಹಾಗೆಯೇ ಮಾಡಿಕೊಂಡು ಬಂದಿದ್ದಳು. ಅವರ ಮನೆಯ ಉಂಡೆ ಕೆಟ್ಟಿತು ಎಂದು ಯಾರೂ ಎಂದೂ ಹೇಳಿರಲಿಲ್ಲ.

ಆ ವರ್ಷ ಅವಳು ವರ್ತಕನ ಮುಂಬಾಗಿಲ ಮೂಟೆಯಿಂದ ಚಕ್ಕೆ ಕೊಂಡಿದ್ದಳು. ಉಂಡೆ ಕೆಟ್ಟಿತು. ದೋಣಿ ನಡುಗಡಲಿನಲ್ಲಿದ್ದಾಗ ಗಡಿಗೆಯ ಬಾಯಿ ಬಿಚ್ಚಿದರೆ ಉಂಡೆಗಳ ಮೇಲೆಲ್ಲ ಬೂಷ್ಟು. ತಿನ್ನಲು ಬೇರೇನೂ ಇರಲಿಲ್ಲ. ಮೇಲಿನದನ್ನು ಕೆರೆದು ತಿಂದರು. ಎಲ್ಲರೂ ಕಾಯಿಲೆ ಬಿದ್ದರು. ಚುಕ್ಕಾಣಿ ಹಿಡಿಯುತ್ತಿದ್ದವನು ದಡ ಕಾಣಲಿಲ್ಲ.

ಅವನ ಹೆಂಡತಿ ಲಚ್ಚಮ್ಮನ ಬಾಗಿಲಿಗೆ ಬಂದು ಮಣ್ಣು ತೂರಿದಳು. "ನಿನ್ನ ಕೈಯ ತುತ್ತು ನನ್ನ ಗಂಡನನ್ನು ತಿಂದಿತು" ಎಂದಳು.

ಲಚ್ಚಮ್ಮ ತನ್ನ ಕೈಯೇ ಹೊಲಸಾಗಿತ್ತೇನೋ ಎಂದು ನಂಬಿದಳು. ಬೂದಿ ಹಾಕಿ ಕೈಯನ್ನು ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಳು. ದೋಣಿಯವರು ಅವಳ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ಮಾಡಿದವನು ಅಂಗಡಿಯಲ್ಲಿ ತಣ್ಣಗೆ ಕುಳಿತಿದ್ದ. ಮಾಡದವಳು ಮನೆಯೊಳಗೆ ಮುಖ ಮುಚ್ಚಿಕೊಂಡಿದ್ದಳು.

ಒಂದು ದಿನ ಅವಳು ಅಡುಗೆಮನೆಯ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದಳು. ಉಳಿದಿದ್ದ ಒಂದು ಚಕ್ಕೆ ಕೈಗೆ ಬಂತು. ಸುಮ್ಮನೆ ಬಾಯಿಗೆ ಹಾಕಿ ಅಗಿದಳು. ಸಿಹಿಯಿಲ್ಲ, ಖಾರವಿಲ್ಲ. ನಾಲಿಗೆಗೆ ಸಿಕ್ಕಿದ್ದು ನಾರು. ವರ್ತಕನ ಅಂಗಡಿಯ ಎಣ್ಣೆಯ ಸೀಸೆಗಳು ನೆನಪಾದವು. ಮಿಕ್ಕ ಚಕ್ಕೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರವಾಗಿ ಊರ ಹಿರಿಯರ ಬಳಿಗೆ ಹೋದಳು.

ಪಂಚಾಯಿತಿ ಸೇರಿತು. ವರ್ತಕನನ್ನು ಕರೆಸಿದರು. ಅವನು ಅಳುಕದೆ ಬಂದ.

"ನಾನು ಮಾರಿದ್ದು ದಾಲ್ಚಿನ್ನಿ ಚಕ್ಕೆ. ಅದಕ್ಕೆ ಏನನ್ನೂ ಬೆರೆಸಿಲ್ಲ. ಬೆರೆಸಿದ್ದೇನೆಂದು ಯಾರಾದರೂ ತೋರಿಸಲಿ" ಎಂದ.

"ಬೆರೆಸಿಲ್ಲ ಧಣಿ, ತೆಗೆದಿದ್ದೀರಿ" ಎಂದಳು ಲಚ್ಚಮ್ಮ.

"ತೆಗೆದಿದ್ದೀರಾ ಎಂದು ನೀನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ."

"ಈಗ ಕೇಳುತ್ತೇನೆ. ನಿಮ್ಮ ಮನೆಯ ಅಡುಗೆಗೆ ಹಾಕುವುದು ಈ ಚಕ್ಕೆಯನ್ನೇ?"

ವರ್ತಕ ಸುಳ್ಳು ಹೇಳುವವನಲ್ಲವಲ್ಲ!

"ಅದು ಬೇರೆ ಮೂಟೆ" ಎಂದ.

ಎಲ್ಲರೂ ಕೇಳಿಸಿಕೊಂಡರು. ಹಿರಿಯರಿಗೂ ಕೇಳಿಸಿತು. ಅವರಲ್ಲಿ ಒಬ್ಬರು ಆ ಚಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾಯಿಗೆ ಮಾತ್ರ ಹಾಕಲಿಲ್ಲ. ಬಳಿಕ ತಮ್ಮತಮ್ಮಲ್ಲಿ ಮಾತಾಡಿಕೊಂಡು ತೀರ್ಪು ಕೊಟ್ಟರು. ಮಾರಿದ್ದು ದಾಲ್ಚಿನ್ನಿಯೇ ಹೌದು, ವರ್ತಕ ಸುಳ್ಳಾಡಿಲ್ಲ, ಆದ್ದರಿಂದ ಅವನ ಮೇಲೆ ದೋಷವಿಲ್ಲ. ಸತ್ತವನ ಹೆಂಡತಿ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ತೀರ್ಪಿನಲ್ಲಿ ಅವಳ ಗಂಡನ ಹೆಸರೇ ಬರಲಿಲ್ಲ.

ಇಲ್ಲಿಗೆ ಬರುವಾಗ ಗುರುಗಳ ದನಿ ಏರಿತ್ತು. "ಥೂ! ಒಬ್ಬನ ಜೀವ ಹೋಗಿದೆ, ಒಬ್ಬಳ ಮಾನ ಹೋಗಿದೆ. ಇವರು ಕುಳಿತು ವರ್ತಕನ ಮಾತನ್ನು ತೂಗುತ್ತಿದ್ದಾರೆ!" ಎಂದರು. ಮತ್ತೆ ಕತೆ ಮುಂದುವರಿಸಿದರು.

ಮರುದಿನ ಬೆಳಗ್ಗೆ ಇಬ್ಬರು ಹೆಂಗಸರು ಆ ಅಂಗಡಿಯ ಮುಂದೆ ಬಂದು ನಿಂತರು. ಒಬ್ಬಳು ಲಚ್ಚಮ್ಮ. ಇನ್ನೊಬ್ಬಳು ಅವಳ ಬಾಗಿಲಿಗೆ ಮಣ್ಣು ತೂರಿದವಳು. ಅವರು ವರ್ತಕನನ್ನು ಬೈಯಲಿಲ್ಲ. ಬಂದವರ ಕೈಗೆಲ್ಲ ಆ ಚಕ್ಕೆಯ ಒಂದೊಂದು ಚೂರು ಕೊಟ್ಟು, "ಅಗಿದು ನೋಡಿ, ಆಮೇಲೆ ಕೊಳ್ಳಿ" ಎಂದರು. ಜನ ಅಗಿದರು. ಉಗಿದರು. ಬರಿಗೈಯಲ್ಲಿ ಹಿಂತಿರುಗಿದರು. ದಿನವೂ ಹೀಗೆಯೇ ನಡೆಯಿತು. ವರ್ತಕ ಹಿರಿಯರಿಗೆ ದೂರು ಕೊಟ್ಟ. ಹೆಂಗಸರು ಆಡುತ್ತಿದ್ದ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹಿರಿಯರಿಂದ ತೋರಿಸಲಾಗಲಿಲ್ಲ.

ಕಡೆಗೆ ಆ ಊರಿನಲ್ಲಿ ಅವನ ಚಕ್ಕೆಯನ್ನು ಕೊಳ್ಳುವವರೇ ಇಲ್ಲವಾದರು. ದೋಣಿಯವರು ಮತ್ತೆ ಲಚ್ಚಮ್ಮನ ಮನೆಗೆ ಬಂದರು. ಆದರೆ ಭಟ್ಟಿ ಆರಲಿಲ್ಲ. ವರ್ತಕ ಮೂಟೆಗಳನ್ನು ಗಾಡಿಗೆ ಹೇರಿ ಘಟ್ಟದ ಮೇಲಿನ ಊರುಗಳಿಗೆ ಕಳಿಸಿದ. ಅಗಿದು ನೋಡಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅವನು ಬಹಳ ಕಾಲ ಬದುಕಿದ. ಸತ್ಯವಂತ ಎನಿಸಿಕೊಂಡೇ ಸತ್ತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನೆಲ ನೋಡುತ್ತ, "ಆದರೂ ಗುರುಗಳೇ, ಅವನನ್ನು ಯಾರೂ ಕೇಳಿರಲಿಲ್ಲವಲ್ಲ" ಎಂದ.

"ಯಾರೂ ಕೇಳಲಿಲ್ಲವೆಂದು ನೀನು ಹೇಳದೆ ಬಂದದ್ದು ಏನನ್ನು?" ಎಂದರು ಗುರುಗಳು.