ಇಳಿಸುವ ಮಾತು

ಮನೆಯ ಶೆಡ್ಡಿನಲ್ಲಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ತೆಗೆದಿಟ್ಟು ವರದಯ್ಯ ಹೆಂಡತಿಗೆ ಹೇಳಿದ: "ಸುಗುಣಾ, ಇವತ್ತು ಇಂಜಿನ್ ಇಳಿಸಿಬಿಡೋಣ."

ಈ ಮಾತು ಇಂಜಿನ್ನಿನ ಕಿವಿಗೆ ಬಿತ್ತು. "ಇಷ್ಟು ವರ್ಷ ಈ ಕಾರನ್ನು ಆಳಿದ ನನ್ನನ್ನು ಪಟ್ಟದಿಂದ ಇಳಿಸುತ್ತಾರಂತೆ!" ಎಂದು ಕುದಿದು, ತನ್ನನ್ನು ಹಿಡಿದಿದ್ದ ಬೋಲ್ಟುಗಳಿಗೆ ಅಪ್ಪಣೆ ಮಾಡಿತು: "ಯಾರೂ ಸಡಿಲವಾಗಕೂಡದು."

ಬೋಲ್ಟುಗಳು ಜಗ್ಗಲಿಲ್ಲ. ಸ್ಪ್ಯಾನರ್ ತಿರುಗಿಸಿ ತಿರುಗಿಸಿ ವರದಯ್ಯ ಬೆವತುಹೋದ. "ಇಂಜಿನ್ ಹೊರಗೆ ಬರದಿದ್ದರೆ ರಿಪೇರಿ ಆಗಲ್ಲ. ಆಮೇಲೆ ಕಾರು ಗುಜರಿಗೇ" ಎಂದ.

"ಜೋರು ಮಾಡಬೇಡಿ ಅಂದ್ರೆ, ಬೋಲ್ಟ್ ಮುರಿದೀತು. ಎಣ್ಣೆ ಬಿಟ್ಟಿದ್ದೀನಿ, ಕಾಯೋಣ" ಎಂದಳು ಸುಗುಣ.

ಮೇಲಿನ ತೊಲೆಗೆ ಕಟ್ಟಿದ್ದ ಚೈನ್ ಪುಲ್ಲಿ ಬಗ್ಗಿ ನೋಡಿತು. "ಇಂಜಿನ್ ರಾಯರೇ, ಗುಜರಿ ಅಂದದ್ದು ಕೇಳಿಸಿತೇ? ಇಳಿಸುವುದು ಎಂಬುದು ಮನುಷ್ಯರ ಬಾಯಿಮಾತು. ನಾನು ಮೊದಲು ಮಾಡುವುದು ಎತ್ತುವ ಕೆಲಸ."

ಇಂಜಿನ್ ಬೋಲ್ಟುಗಳಿಗೆ "ಬಿಟ್ಟುಬಿಡಿ" ಎಂದಿತು.

ಸರಪಳಿ ಎಳೆದಂತೆಲ್ಲ ಇಂಜಿನ್ ಮೇಲೇರಿತು. ತಾನು ಓಡಿಸಿದ ಕಾರನ್ನು ಅದು ಪೂರ್ತಿಯಾಗಿ ಕಂಡದ್ದು ಆಗಲೇ. ಮುಂಭಾಗದಲ್ಲಿ ತನ್ನ ಅಳತೆಯದೇ ಒಂದು ಖಾಲಿ ಜಾಗ ಬಾಯಿ ತೆರೆದುಕೊಂಡಿತ್ತು.

ಸವೆದದ್ದೆಲ್ಲ ಬದಲಾದ ಮೇಲೆ ಒಂದು ಬೆಳಿಗ್ಗೆ ಇಂಜಿನ್ ಮತ್ತೆ ಅದೇ ಜಾಗದ ಮೇಲೆ ತೂಗಾಡಿತು. "ನಿಧಾನ ರೀ, ಬಣ್ಣಕ್ಕೆ ತಾಗೀತು" ಎಂದು ಸುಗುಣ ಗಂಡನನ್ನು ತಡೆಯುತ್ತಿದ್ದಳು.

ಇಂಜಿನ್ನಿಗೆ ಮಾತ್ರ ತಡೆಯಲಾಗಲಿಲ್ಲ. "ಪುಲ್ಲಿಯಣ್ಣಾ," ಎಂದು ಕೂಗಿತು, "ನನ್ನನ್ನು ಬೇಗ ಇಳಿಸು!"