ಮೇಲೇರದ ಮೂತ್ರಪಿಂಡ

“ಗುರುಗಳೇ, ಎಲ್ಲರಿಗೂ ಇರುವ ಭಕ್ತಿ ನನಗೆ ಹುಟ್ಟಿನಿಂದಲೇ ಇಲ್ಲವೇ?” ಎಂದು ಚೆನ್ನಮಲ್ಲನೆಂಬ ಶಿಷ್ಯ ಕೇಳಿದ. ಧ್ಯಾನಕ್ಕೆ ಕುಳಿತಾಗಲೆಲ್ಲ ಎದೆಯೊಳಗೆ ತಡಕಾಡಿ ಬೇಸತ್ತಿದ್ದ. ಏನೂ ಸಿಕ್ಕಿರಲಿಲ್ಲ. ಮಠ ಬಿಟ್ಟು ಹೋಗುವುದೇ ಸರಿ ಎಂದು ಬಟ್ಟೆಗಂಟನ್ನೂ ಕಟ್ಟಿಕೊಂಡು ಬಂದಿದ್ದ.

ಗುರುಗಳು ಗಂಟಿನತ್ತ ನೋಡಿ ನಕ್ಕು ಒಂದು ಕತೆ ಹೇಳಿದರು.

ಒಬ್ಬ ತಾಯಿ ಹೊಟ್ಟೆನೋವೆಂದ ಮಗಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು ಎಂದು ದಾದಿ ಹೇಳಿದ್ದಳು. ತಾಯಿಗೆ ಅದು ನಾಚಿಕೆಗೇಡು ಅನ್ನಿಸಿತು. “ದೊಡ್ಡೋರ ಮುಂದೆ ಹೋಗ್ವಾಗ ಒದ್ದಾಡಬಾರ್ದು ಕಣೆ, ಮೊದ್ಲು ಬಚ್ಚಲಿಗೆ ಹೋಗ್ಬಾ” ಎಂದು ಮಗಳನ್ನು ಅಟ್ಟಿದಳು.

ಡಾಕ್ಟರಮ್ಮ ಪಕ್ಕೆಯ ಮೇಲೆ ಯಂತ್ರ ಆಡಿಸಿ ನೋಡಿದರು. ಬಲಗಡೆಯ ಮೂತ್ರಪಿಂಡವಿತ್ತು. ಎಡಗಡೆಯದು ಅದರ ಜಾಗದಲ್ಲಿ ಕಾಣುತ್ತಿಲ್ಲ, ಮೂತ್ರಕೋಶ ತುಂಬಿದ್ದರೆ ಕಿಬ್ಬೊಟ್ಟೆಯಲ್ಲೂ ನೋಡಬಹುದು, ನಾಳೆ ಬನ್ನಿ ಎಂದರು. ತಾಯಿಯ ಕಿವಿಗೆ ಬಿದ್ದದ್ದು ಕಾಣುತ್ತಿಲ್ಲ ಎಂಬ ಮಾತೊಂದೇ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಟ್ಟಿದ್ದೆ, ನನ್ನಿಂದಲೇ ಮಗು ಊನವಾಗಿ ಹುಟ್ಟಿತು ಎಂದು ದಾರಿಯುದ್ದಕ್ಕೂ ಅತ್ತಳು. ಪಾಪ, ಅಂದು ಅವಳಿಗೆ ಅನ್ನ ಸೇರಲಿಲ್ಲ.

ಮಗಳು ಪೂರ್ತಿ ಮಾತು ಕೇಳಿಸಿಕೊಂಡಿದ್ದಳು. ಮರುದಿನ ತಾಯಿಯನ್ನು ತಾನೇ ಎಳೆದುಕೊಂಡು ಹೋದಳು. ತಂಬಿಗೆ ನೀರು ಕುಡಿದು, ತುಟಿ ಕಚ್ಚಿಕೊಂಡು ಕುಳಿತಳು. ಡಾಕ್ಟರಮ್ಮ ಈ ಸಲ ಯಂತ್ರವನ್ನು ಕೆಳಗಿಳಿಸಿ ಕಿಬ್ಬೊಟ್ಟೆಯ ಮೇಲೆ ಇಟ್ಟರು. ತುಂಬಿದ ಮೂತ್ರಕೋಶದ ಹಿಂದೆ ಎಡಗಡೆಯ ಮೂತ್ರಪಿಂಡ ಹಾಯಾಗಿ ಕುಳಿತಿತ್ತು. ತಾಯಿ ಗ್ರಹಣದ ಸಂಗತಿಯನ್ನು ಹೇಳಿಕೊಂಡಳು.

“ಗರ್ಭದಲ್ಲಿ ಎಲ್ಲರದ್ದೂ ಕೆಳಗೇ ಹುಟ್ಟಿ ಮೇಲೇರುತ್ತೆ ತಾಯಿ. ಇದು ಏರಲಿಲ್ಲ, ಅಷ್ಟೇ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲಸ ಚೆನ್ನಾಗೇ ಮಾಡ್ತಿದೆ” ಎಂದರು ಡಾಕ್ಟರಮ್ಮ.

ತಾಯಿ ಸಂತೋಷ ತಡೆಯಲಾರದೆ ಮಗಳನ್ನು ಬಿಗಿಯಾಗಿ ತಬ್ಬಿಕೊಂಡಳು.

“ಅವ್ವಾ, ಬಿಡವ್ವಾ! ಈಗ್ಲಾದ್ರೂ ಬಚ್ಚಲಿಗೆ ಹೋಗ್ತೀನಿ” ಎಂದು ಮಗಳು ಕೊಸರಿಕೊಂಡು ಓಡಿದಳು.

ಚೆನ್ನಮಲ್ಲನಿಗೆ ನಗು ಬಂತು. ಆದರೂ ಅವನ ಅನುಮಾನ ಹೋಗಲಿಲ್ಲ. “ನಾನು ಎದೆಯನ್ನೆಲ್ಲ ಹುಡುಕಿ ಆಯಿತಲ್ಲ, ಗುರುಗಳೇ” ಎಂದ.

“ನಿನ್ನೆ ಹಸಿದು ಬಂದ ಮುದುಕಿಯ ಮುಂದೆ ನಿನ್ನ ಊಟದ ಎಲೆಯನ್ನೇ ಇಟ್ಟೆಯಲ್ಲ, ಆ ಕೈಯಲ್ಲಿ ಹುಡುಕಿದೆಯಾ?” ಎಂದರು ಗುರುಗಳು.

ಚೆನ್ನಮಲ್ಲ ತನ್ನ ಕೈಯನ್ನೊಮ್ಮೆ ನೋಡಿಕೊಂಡು, ಬಟ್ಟೆಗಂಟನ್ನು ಬಿಚ್ಚತೊಡಗಿದ.