ಟ್ಯಾಂಕಿನ ಮುಚ್ಚಳದ ಕಾವಲು

ತಮ್ಮಣ್ಣಯ್ಯನವರು ಮನೆಯಲ್ಲೇ ಬಿಚ್ಚಿ ಜೋಡಿಸಿದ ಹಳೇ ಮೋಟಾರ್‌ಸೈಕಲ್ಲು, ಹೊರಟ ತುಸು ಹೊತ್ತಿಗೇ ನಿಂತುಬಿಡುತ್ತಿತ್ತು. ವೈರು, ಪ್ಲಗ್ಗು ಎಲ್ಲ ಬದಲಾಯಿಸಿ ಸೋತ ಅವರು, "ಇವತ್ತೂ ನಿಂತರೆ ಗುಜರಿಗೇ ಸೈ" ಎಂದುಬಿಟ್ಟರು.

ಪಾಪ, ಎಂಜಿನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ದಮ್ಮಯ್ಯ ಹಾಕಿತು. "ಅಣ್ಣಾ, ಹೊಸ ಬಣ್ಣ ಬಳಿದಾಗ ನಿನ್ನ ನೆತ್ತಿಯ ತೂತು ಮುಚ್ಚಿಹೋಗಿದೆ. ಮೇಲಿಂದ ಗಾಳಿ ಬಾರದೆ ಪೆಟ್ರೋಲು ನನ್ನತ್ತ ಇಳಿಯದು. ಆ ಬಣ್ಣವನ್ನು ಸ್ವಲ್ಪ ಉದುರಿಸಿಕೋ."

"ಚೆನ್ನಾಗಿ ಹೇಳಿದೆ ತಮ್ಮಾ! ಕಾವಲಿರುವವನು ನಾನು. ಗಾಳಿಯನ್ನೂ ಒಳಕ್ಕೆ ನುಸುಳಲು ಬಿಡೆ" ಎಂದು ಮುಚ್ಚಳ ಇನ್ನಷ್ಟು ಬಿಗಿದುಕೊಂಡಿತು.

ಗಾಡಿ ಅಂದೂ ನಿಂತಿತು. ಗುಜರಿಯವನು ಪೆಟ್ರೋಲ್ ಇಳಿಸಿಕೊಳ್ಳಲು ಪೈಪು ಕಿತ್ತು, ಮುಚ್ಚಳವನ್ನು ತಿರುಗಿಸಿ ತೆಗೆದ. ಗಾಳಿ ಭುಸ್ಸೆಂದು ಒಳನುಗ್ಗಿತು. ನೆಲದ ಮೇಲೆ ಅಂಗಾತ ಬಿದ್ದ ಮುಚ್ಚಳ, ತಾನು ಇಷ್ಟು ದಿನ ಕಾದದ್ದೆಲ್ಲ ಅವನ ಕ್ಯಾನಿಗೆ ಸರಾಗವಾಗಿ ಹರಿಯುವುದನ್ನು ನೋಡುತ್ತಿತ್ತು.